ಪುಟ್ಟಿಯ ಉಬ್ಬಸವೂ ಗೋಡೆಯ ಕ್ಯಾಲೆಂಡರೂ

ಉಬ್ಬಸದ ಮಗು ಇರುವ ಮನೆಯಲ್ಲಿ ತಾಯಿ ಮಲಗಿದರೂ ಅವಳ ಕಿವಿ ಮಲಗುವುದಿಲ್ಲ. ಮಗು ಮಗ್ಗುಲಾದರೆ ಎಚ್ಚರ, ಒಂದು ಸಲ ಕೆಮ್ಮಿದರೆ ಎಚ್ಚರ. ಉಸಿರು ಬಿಡುವಾಗ ಎದೆಯೊಳಗಿಂದ ಸುಂಯ್ ಎಂದು ಸಣ್ಣ ಶಿಳ್ಳೆ ಕೇಳಿತೋ, ಆ ರಾತ್ರಿಯ ನಿದ್ದೆ ಅಲ್ಲಿಗೆ ಮುಗಿಯಿತು. ಇದನ್ನು ಓದುತ್ತಿರುವ ಸೋದರಿಯರಲ್ಲಿ ಎಷ್ಟೋ ಜನಕ್ಕೆ ಈ ಶಿಳ್ಳೆಯ ಪರಿಚಯ ಇದ್ದೇ ಇರುತ್ತದೆ. ಕೆಲವರು ದಮ್ಮು ಅನ್ನುತ್ತಾರೆ, ಕೆಲವು ಕಡೆ ಗೂರಲು ಅನ್ನುತ್ತಾರೆ, ಡಾಕ್ಟರು ಅಸ್ತಮಾ ಅನ್ನುತ್ತಾರೆ. ಹೆಸರು ಯಾವುದಾದರೂ ಸಂಕಟ ಒಂದೇ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಔಷಧಿಯ ವಿಷಯದಲ್ಲಿ ಬುದ್ಧಿ ಹೇಳುವ ಅಧಿಕಾರ ನನಗಿಲ್ಲ, ಅದು ಡಾಕ್ಟರ ಕೆಲಸ. ಆದರೆ ಮಗು ಡಾಕ್ಟರ ಮುಂದೆ ಕೂರುವುದು ಹತ್ತು ನಿಮಿಷ. ಉಳಿದ ಹೊತ್ತೆಲ್ಲ ಇರುವುದು ನಮ್ಮ ಮನೆಯಲ್ಲಿ, ನಮ್ಮ ಕಣ್ಣೆದುರಿಗೆ. ಆ ಉಳಿದ ಹೊತ್ತಿನ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ.

ನಮ್ಮದು ಸಾಗರ. ಹಳೇ ಹಂಚಿನ ಮನೆ. ಮಳೆ ಹಿಡಿಯಿತೆಂದರೆ ಗೋಡೆ ಮುಟ್ಟಿದ ಕೈ ತಣ್ಣಗಾಗುತ್ತದೆ. ಚಪ್ಪಲಿ, ಬೆಲ್ಟು, ಕಪಾಟಿನಲ್ಲಿಟ್ಟ ರೇಷ್ಮೆ ಸೀರೆಯ ಪೆಟ್ಟಿಗೆ, ಎಲ್ಲಕ್ಕೂ ಬೂಷ್ಟು. ನಮ್ಮ ಪುಟ್ಟಿಗೆ ಮೊದಲು ಉಬ್ಬಸ ಬಂದದ್ದು 2018ರ ಪುನರ್ವಸು ಮಳೆಯಲ್ಲಿ. ಆಗಷ್ಟೇ ನಾಲ್ಕು ತುಂಬಿತ್ತು. ಅಲ್ಲಿಂದ ಒಂದು ವರ್ಷ ಬರೀ ಸಿರಪ್ಪು, ಇಂಜೆಕ್ಷನ್ನು, ಸರಿರಾತ್ರಿಯಲ್ಲಿ ಆಟೋ ಹುಡುಕುವುದು. ಕೊನೆಗೆ ಶಿವಮೊಗ್ಗದಲ್ಲಿ ಮಕ್ಕಳ ಡಾಕ್ಟರೊಬ್ಬರು ನಮ್ಮನ್ನು ಕೂರಿಸಿಕೊಂಡು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಶ್ವಾಸನಾಳದ ಒಳಗೋಡೆ ಬಾತುಕೊಳ್ಳುತ್ತದೆ, ಅದರ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಗೆ ಕಫ ತುಂಬುತ್ತದೆ. ಹೀಗೆ ದಾರಿ ಕಿರಿದಾದಾಗ ಒಳಗೆ ಹೋದ ಗಾಳಿ ಹೊರಗೆ ಬರಲು ಒದ್ದಾಡುತ್ತದೆ. ಅದೇ ಆ ಶಿಳ್ಳೆ.

"ಯಾವಾಗ ಹೆಚ್ಚಾಗುತ್ತೆ?" ಎಂದು ಅವರು ಕೇಳಿದರು. ನಾನು ಮಳೆಗಾಲದಲ್ಲಿ ಅಂದೆ. ನಮ್ಮವರು ಬಾಳೆಹಣ್ಣು, ಮೊಸರು ತಿಂದಾಗ ಅಂದರು. ನಮ್ಮತ್ತೆ ಅಮಾವಾಸ್ಯೆ ಹುಣ್ಣಿಮೆಗೆ ಅಂದರು. ಡಾಕ್ಟರು ನಕ್ಕು, "ಮೂರು ಜನ ಮೂರು ಹೇಳ್ತೀರಿ. ಮೂರು ತಿಂಗಳು ಬರೆದಿಡಿ ನೋಡೋಣ" ಅಂದರು.

ಬರೆಯಲು ಪುಸ್ತಕ ಎಲ್ಲಿಂದ ತರೋದು, ಅಡಿಗೆಮನೆಯ ಬಾಗಿಲ ಪಕ್ಕ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೂಗುಹಾಕಿತ್ತಲ್ಲ, ಅದೇ ಸಾಕಾಯಿತು. ಪುಟ್ಟಿ ರಾತ್ರಿ ಕೆಮ್ಮಿದರೆ ಆ ತಾರೀಕಿಗೆ ಕೆಂಪು ಪೆನ್ನಿನಿಂದ ಒಂದು ಗೀಟು. ನಿದ್ದೆ ಕೆಟ್ಟರೆ ಎರಡು. ಪಂಪು ಕೊಡಬೇಕಾಗಿ ಬಂದರೆ ಒಂದು ಸೊನ್ನೆ. ಆ ದಿನ ಮನೆಯಲ್ಲಿ ಏನು ವಿಶೇಷ ಎಂದು ಒಂದೇ ಒಂದು ಮಾತು: ಅಟ್ಟ ಗುಡಿಸಿದ್ದು, ಸಾರಿನ ಪುಡಿಗೆ ಮೆಣಸಿನಕಾಯಿ ಹುರಿದದ್ದು, ನೆಂಟರ ಮನೆಗೆ ಹೋಗಿದ್ದು.

ತಿಂಗಳು ಕಳೆಯುವುದರೊಳಗೆ ಅಮಾವಾಸ್ಯೆ ಹುಣ್ಣಿಮೆಯ ಪಾತ್ರ ಇಲ್ಲವೆಂದು ಗೊತ್ತಾಯಿತು. ಬಾಳೆಹಣ್ಣಿನದೂ ಇಲ್ಲ. (ಒಗ್ಗದ ತಿಂಡಿ ಒಂದೊಂದು ಮಗುವಿಗೆ ಇರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಪರೀಕ್ಷಿಸದೆ ಹಣ್ಣು, ಹಾಲು, ಮೊಸರು ಎಲ್ಲ ನಿಲ್ಲಿಸಿ ಮಗುವನ್ನು ಕಡ್ಡಿ ಮಾಡುವುದು ನನಗೆ ಸರಿಕಾಣದು.) ಆದರೆ ಒಂದು ವಿಚಿತ್ರ ಕಂಡಿತು. ಮಂಗಳವಾರ, ಶುಕ್ರವಾರಗಳ ಕೆಳಗೆ ಗೀಟುಗಳು ಸಾಲಾಗಿ ನಿಂತಿದ್ದವು.

ಆ ಎರಡು ದಿನ ಪುಟ್ಟಿಗೆ ಎಣ್ಣೆಸ್ನಾನ. ಸ್ನಾನವಾದ ಮೇಲೆ ನಮ್ಮತ್ತೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಮೇಲೆ ಬುಟ್ಟಿ ಬೋರಲು ಹಾಕಿ, ಮೊಮ್ಮಗಳ ಕೂದಲನ್ನು ಅದರ ಮೇಲೆ ಹರವಿ ಒಣಗಿಸುತ್ತಿದ್ದರು. ಶೀತ ಆಗಬಾರದೆಂದು. ಅಜ್ಜಿಯ ತೊಡೆಯ ಮೇಲೆ ಮಲಗಿ ಕಥೆ ಕೇಳುತ್ತ ಪುಟ್ಟಿ ಅದೇ ಹೊಗೆ ಕುಡಿಯುತ್ತಿದ್ದಳು. ಈಗ ಇದನ್ನು ಅತ್ತೆಗೆ ಹೇಳುವುದು ಹೇಗೆ? ಮಗುವಿಗಾಗಿ ಎಪ್ಪತ್ತರ ವಯಸ್ಸಿನಲ್ಲಿ ಸೊಂಟ ಬಗ್ಗಿಸಿ ಕೆಂಡ ಊದುವವರಿಗೆ 'ನಿಮ್ಮಿಂದಲೇ ಕೆಮ್ಮು' ಅನ್ನಲು ನನ್ನ ನಾಲಿಗೆ ಏಳಲಿಲ್ಲ. ಸೊಸೆಯರಿಗೆ ಈ ಕಷ್ಟ ಗೊತ್ತು.

ನಮ್ಮ ಮನೆಯಲ್ಲಿ ಏಕಾದಶಿ, ಸಂಕಷ್ಟಿ ನೋಡುವವರು ಅವರೇ. ಒಂದು ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಕ್ಯಾಲೆಂಡರಿನ ಮುಂದೆ ನಿಂತವರು, "ಇದೇನೇ ಕೆಂಪು ಗೀಟು?" ಎಂದು ಕೇಳಿದರು. ಪುಟ್ಟಿ ಕೆಮ್ಮಿದ ರಾತ್ರಿಗಳು ಅತ್ತೆ, ಎಂದಷ್ಟೇ ಹೇಳಿ ನಾನು ದೋಸೆ ಕಾವಲಿಯ ಕಡೆ ತಿರುಗಿದೆ. ಅವರು ಬಹಳ ಹೊತ್ತು ನಿಂತಿದ್ದರು. ಹಿಂದಿನ ತಿಂಗಳ ಹಾಳೆಯನ್ನೂ ಎತ್ತಿ ನೋಡಿದರು. ಏನೂ ಆಡಲಿಲ್ಲ. ಆ ಶುಕ್ರವಾರ ಪುಟ್ಟಿಯ ತಲೆಯನ್ನು ಒಣ ಟವೆಲಿನಿಂದ ತಿಕ್ಕಿ ತಿಕ್ಕಿ ಜಗುಲಿಯ ಬಿಸಿಲಿನಲ್ಲಿ ಕೂರಿಸಿಕೊಂಡರು. ಸಾಂಬ್ರಾಣಿ ಡಬ್ಬ ಮೇಲಿನ ಗೂಡಿಗೆ ಹೋಯಿತು. ದೇವರ ಮನೆಯ ಊದುಬತ್ತಿಯೂ ಹಬ್ಬಕ್ಕೆ ಮಾತ್ರ ಎಂದು ಅವರೇ ತೀರ್ಮಾನ ಮಾಡಿದರು. "ದೇವರಿಗೆ ದೀಪ ಸಾಕು" ಅಂದರು.

ಹೊಗೆ ಎಂದ ಮೇಲೆ ಸೊಳ್ಳೆ ಸುರುಳಿಯ ವಿಷಯ ಹೇಳಲೇಬೇಕು. ಬೀಡಿ, ಸಿಗರೇಟು ಮುಟ್ಟದ ನಮ್ಮವರು ರಾತ್ರಿ ಮಂಚದಡಿ ತಪ್ಪದೆ ಸುರುಳಿ ಹಚ್ಚುತ್ತಿದ್ದರು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದು ಸುರುಳಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟು ಸುಟ್ಟಾಗ ಬರುವಷ್ಟು ಸೂಕ್ಷ್ಮ ಕಣ ಹೊರಬರುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ಇದನ್ನು ಕೇಳಿದ ಮಾರನೇ ದಿನವೇ ಅವರು ಸೊಳ್ಳೆಪರದೆ ತಂದರು. ಬಚ್ಚಲಿನ ಹಂಡೆ ಒಲೆಗೆ ಹೊಗೆ ಕೊಳವೆ ಬೇಕೆಂದು ಹಟ ಹಿಡಿದವರು ಮಾತ್ರ ನಮ್ಮತ್ತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯನ್ನು ಎಂಬತ್ತರ ದಶಕದಲ್ಲೇ ಅವರ ತವರಿನಲ್ಲಿ ಕಟ್ಟಿಸಿದ್ದರಂತೆ. ಹೊಗೆಯೆಲ್ಲ ಕೊಳವೆಯಲ್ಲಿ ಮಾಡಿನಾಚೆ ಹೋಗಿ ಅಡಿಗೆಮನೆಯ ಜಂತಿ ಕಪ್ಪಾಗುವುದೇ ನಿಂತಿತ್ತಂತೆ. ಮೆಣಸಿನಕಾಯಿ ಹುರಿಯುವ ಕೆಲಸವನ್ನು ನಾನು ಈಗ ಪುಟ್ಟಿ ಶಾಲೆಗೆ ಹೋದ ಮೇಲೆ ಕಿಟಕಿ ತೆಗೆದು ಮುಗಿಸುತ್ತೇನೆ.

ಇನ್ನೊಂದು ಶತ್ರು ಕಣ್ಣಿಗೇ ಕಾಣದ್ದು. ತೆಂಗಿನಕಾಯಿಗೆ ನುಸಿ ಹಿಡಿಯುವುದು ನಿಮಗೆ ಗೊತ್ತು. ಅದರ ದೂರದ ನೆಂಟನೊಂದು ನಮ್ಮ ಹಾಸಿಗೆ, ದಿಂಬುಗಳಲ್ಲಿದೆ. ಮೂರು ಸೇರಿದರೆ ಒಂದು ಮಿಲಿಮೀಟರ್ ಆದೀತು. ನಮ್ಮ ಮೈಯಿಂದ ಉದುರುವ ಹೊಟ್ಟೇ ಅದಕ್ಕೆ ಆಹಾರ, ತೇವ ಇದ್ದರೆ ಸಂತೆಯೇ ನೆರೆಯುತ್ತದೆ. ಮಲೆನಾಡಿನ ಮಳೆಗಾಲಕ್ಕಿಂತ ಬೇರೆ ಸ್ವರ್ಗ ಅದಕ್ಕೆ ಬೇಕೇ? ಮೊದಲ ಮಳೆಗೆ ಟ್ರಂಕಿನಿಂದ ಕಂಬಳಿ ತೆಗೆದ ರಾತ್ರಿಯೂ ಕ್ಯಾಲೆಂಡರಿನಲ್ಲಿ ಎರಡು ಗೀಟು ಒಂದು ಸೊನ್ನೆ ಬಿದ್ದಿತ್ತು. ಈಗ ಏಪ್ರಿಲ್, ಮೇ ಬಿಸಿಲಿನಲ್ಲೇ ಕಂಬಳಿ, ಹಾಸಿಗೆಗಳನ್ನು ಎರಡೂ ಮಗ್ಗುಲು ಕಾಯಿಸಿ, ಬಡಿದು ಇಡುತ್ತೇನೆ. ಬಡಿಯುವಾಗ ಪುಟ್ಟಿ ಆಚೆ ಮನೆಯಲ್ಲಿರಬೇಕು. ಅವಳು ಹೊದೆಯುವುದು ಹತ್ತಿಯ ಹೊದಿಕೆ. ಅದನ್ನೂ ದಿಂಬಿನ ಚೀಲವನ್ನೂ ವಾರಕ್ಕೊಮ್ಮೆ ಕೈ ಇಡಲಾಗದಷ್ಟು ಬಿಸಿನೀರಿನಲ್ಲಿ ನೆನೆಸಿ ಒಗೆಯುತ್ತೇನೆ. 60 ಡಿಗ್ರಿ ಶಾಖಕ್ಕೆ ನುಸಿ ಸಾಯುತ್ತದೆ. ಅವಳು ತಬ್ಬಿಕೊಂಡು ಮಲಗುವ ಬಟ್ಟೆ ಕರಡಿಯನ್ನು ಬಿಸಿನೀರಿಗೆ ಹಾಕಿದರೆ ಕರಡಿ ಉಳಿಯುವುದಿಲ್ಲ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಒಂದು ಹಗಲು ಒಂದು ರಾತ್ರಿ ಫ್ರಿಜ್ಜಿನ ಐಸ್ ಖಾನೆಯಲ್ಲಿಟ್ಟು, ಆಮೇಲೆ ತಣ್ಣೀರಿನಲ್ಲಿ ಒಗೆಯುವುದು. ಕರಡಿಗೆ ಚಳಿಯಾಗುತ್ತೆಂದು ಮೊದಲ ಸಲ ಅತ್ತಿದ್ದಳು, ಪಾಪ. ಒದ್ದೆ ಬಟ್ಟೆ ಮಲಗುವ ಕೋಣೆಯಲ್ಲಿ ನೇತುಹಾಕುವುದು ಬಂದ್. ಅವಳ ಮಂಚವನ್ನು ಹೊರಗೋಡೆಯಿಂದ ಸರಿಸಿದ್ದೇವೆ. ನೆಲ ಗುಡಿಸುವ ಮೊದಲು ಒದ್ದೆ ಬಟ್ಟೆ ಆಡಿಸಿದರೆ ಧೂಳು ಏಳುವುದಿಲ್ಲ.

ಮನೆ ಎಷ್ಟು ಚೊಕ್ಕಟವಾದರೂ ಔಷಧಿ ಬೇಡವೆಂದಲ್ಲ. ಅತಿ ಹೆಚ್ಚು ಮಾತು ಕೇಳಬೇಕಾಗುವುದೂ ಇದರಲ್ಲೇ. ಡಾಕ್ಟರು ಕೊಟ್ಟದ್ದು ಎರಡು ಪಂಪು. ಒಂದು ದಿನನಿತ್ಯದ್ದು, ಒಳಗಿನ ಬಾವು ಇಳಿಸಲು ಮಗು ಚೆನ್ನಾಗಿದ್ದರೂ ತೆಗೆದುಕೊಳ್ಳಬೇಕು. ಇನ್ನೊಂದು ನೀಲಿಯದು, ಸಾಲ್ಬುಟಮಾಲ್. ಬಿಗಿದ ಸ್ನಾಯುವನ್ನು ಕೆಲವೇ ನಿಮಿಷದಲ್ಲಿ ಸಡಿಲ ಮಾಡುತ್ತದೆ. ಬಹಳ ಮನೆಗಳಲ್ಲಿ ನೀಲಿಯದನ್ನು ಮಾತ್ರ ಇಟ್ಟುಕೊಂಡು, ಮಗು ಆಡಿಕೊಂಡಿದೆಯಲ್ಲ ಎಂದು ದಿನದ್ದನ್ನು ಬಿಟ್ಟುಬಿಡುತ್ತಾರೆ. ನೀಲಿ ಪಂಪು ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಒಳಗೆ ಬಾವು ಇಳಿದಿಲ್ಲವೆಂದೇ ಅರ್ಥ, ಡಾಕ್ಟರ ಬಳಿ ಹೋಗಬೇಕು.

'ಸ್ಟೀರಾಯ್ಡ್ ಅಂತೆ, ಚಟ ಆಗುತ್ತಂತೆ' ಎಂಬ ಮಾತು ನಮ್ಮ ಓಣಿಯಲ್ಲೂ ಹುಟ್ಟಿತು. ಚಟವಾಗುವುದಿಲ್ಲ. ಮಾತ್ರೆಯಲ್ಲಿ ಕೊಡುವ ಸ್ಟೀರಾಯ್ಡಿನ ಲೆಕ್ಕ ಮಿಲಿಗ್ರಾಂನಲ್ಲಿ, ಪಂಪಿನದು ಮೈಕ್ರೋಗ್ರಾಂನಲ್ಲಿ. ಒಂದು ಮಿಲಿಗ್ರಾಂ ಅಂದರೆ ಸಾವಿರ ಮೈಕ್ರೋಗ್ರಾಂ, ಹೈಸ್ಕೂಲಿನ ಲೆಕ್ಕವೇ. ಬಹಳ ವರ್ಷ ತೆಗೆದುಕೊಂಡ ಮಕ್ಕಳ ಎತ್ತರ ಒಂದು ಸೆಂಟಿಮೀಟರಿನಷ್ಟು ಕಡಿಮೆಯಾಗಬಹುದು ಎಂದು ಡಾಕ್ಟರೇ ಮುಚ್ಚಿಡದೆ ಹೇಳಿದರು. ಉಸಿರಿನ ಮುಂದೆ ಒಂದು ಸೆಂಟಿಮೀಟರ್ ನನಗೆ ದೊಡ್ಡದೆನಿಸಲಿಲ್ಲ. ಆ ಪಂಪು ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಬರುತ್ತದೆ.

ಹೈದರಾಬಾದಿಗೆ ಹೋಗಿ ಎಂದವರೂ ಇದ್ದಾರೆ. ಅಲ್ಲಿ ಮೃಗಶಿರಾ ಮಳೆ ಹುಟ್ಟುವ ದಿನ ಬತ್ತಿನಿ ಮನೆತನದವರು ಸಣ್ಣ ಜೀವಂತ ಮೀನಿನ ಬಾಯಲ್ಲಿ ಔಷಧಿಯಿಟ್ಟು ನುಂಗಿಸುತ್ತಾರೆ, ಸಸ್ಯಾಹಾರಿಗಳಿಗೆ ಬೆಲ್ಲದಲ್ಲಿ. ಹಣ ಕೇಳುವುದಿಲ್ಲ. ಆದರೆ ಅದರಲ್ಲಿ ಏನಿದೆಯೆಂದು ಪೂರ್ತಿ ಹೇಳುವುದೂ ಇಲ್ಲ, ಗುಣವಾಗುತ್ತದೆಂದು ವೈದ್ಯಶಾಸ್ತ್ರದಲ್ಲಿ ರುಜುವಾತೂ ಆಗಿಲ್ಲ. ಹೋಗುವವರನ್ನು ನಾನು ಹಳಿಯುವುದಿಲ್ಲ. ಎಲ್ಲಿಗೆ ಹೋದರೂ ಪಂಪು ಮಾತ್ರ ನಿಲ್ಲಿಸಬೇಡಿ ಅನ್ನುತ್ತೇನೆ.

ಎಲ್ಲಕ್ಕಿಂತ ಬೇಸರದ ಮಾತು ಬಂದದ್ದು ಮದುವೆಮನೆಯಲ್ಲಿ. ಹೋಮದ ಹೊಗೆಗೆ ಪುಟ್ಟಿಗೆ ಎದೆ ಹಿಡಿಯಿತು. ಕುರ್ಚಿಯ ಮೇಲೆ ಕೂರಿಸಿ ಪಂಪು ತೆಗೆದೆ. ಹತ್ತಿರದ ನೆಂಟರೊಬ್ಬರು ಕಿವಿಯಲ್ಲಿ, "ಹೆಣ್ಣು ಮಗು ಕಣೇ, ನಾಳೆ ಗಂಡು ಹುಡುಕಬೇಕು, ಒಳಗೆ ಕರ್ಕೊಂಡು ಹೋಗಬಾರ್ದಾ?" ಎಂದರು. ನಾನು ಏಳಲಿಲ್ಲ. ಎಂಟು ವರ್ಷದ ಹುಡುಗಿ ಉಸಿರಾಡುವುದಕ್ಕೆ ನಾಚಬೇಕೇ? ಅವಳು ಇವತ್ತು ಬಚ್ಚಿಟ್ಟುಕೊಂಡು ಪಂಪು ತೆಗೆದುಕೊಳ್ಳುವುದನ್ನು ಕಲಿತರೆ, ನಾಳೆ ಕಾಲೇಜಿನಲ್ಲಿ, ಆಮೇಲೆ ಹೋದ ಮನೆಯಲ್ಲಿ, ನಾಲ್ಕು ಜನರಿದ್ದಾರೆಂದು ತೆಗೆದುಕೊಳ್ಳದೇ ಕೂರುತ್ತಾಳೆ. ನನಗೆ ಆ ಭಯವೇ ದೊಡ್ಡದು. ಅಂದಹಾಗೆ, ಈ ಪಂಪು ಹುಟ್ಟಿದ್ದೂ ಒಬ್ಬ ಹುಡುಗಿಯಿಂದಲೇ. 1955ರಲ್ಲಿ ಅಮೆರಿಕದ ಔಷಧಿ ಕಂಪನಿಯೊಂದರ ಅಧ್ಯಕ್ಷರ 13 ವರ್ಷದ ಮಗಳು, ಉಬ್ಬಸದವಳು, ಕೂದಲಿಗೆ ಸಿಂಪಡಿಸುವ ಡಬ್ಬಿಯ ಹಾಗೆ ನನ್ನ ಔಷಧಿಯನ್ನು ಯಾಕೆ ಮಾಡಬಾರದು ಎಂದು ಅಪ್ಪನನ್ನು ಕೇಳಿದಳಂತೆ. ಮರುವರ್ಷವೇ ಪಂಪು ಮಾರುಕಟ್ಟೆಗೆ ಬಂತು.

ಊಟವಾದ ಮೇಲೆ ಮೂಲೆಯಲ್ಲಿದ್ದ ಒಬ್ಬ ಹೆಂಗಸು ಮೆಲ್ಲಗೆ ಬಂದು, ತನ್ನ ಮಗನಿಗೂ ಹೀಗೇ, ಪಂಪು ಒತ್ತಿದರೆ ಔಷಧಿಯೆಲ್ಲ ಬಾಯಲ್ಲೇ ಉಳಿಯುತ್ತದೆ, ನಿಮ್ಮ ಹತ್ತಿರ ಇದ್ದ ಆ ಬುರುಡೆ ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಅದು ಸ್ಪೇಸರ್, ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಕೊಳ್ಳಲಾಗದವರಿಗೆ ಒಂದು ದಾರಿ ಇದೆ. ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನ ಡಾಕ್ಟರುಗಳು 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿದ್ದು ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿತು. ಬಾಟಲಿಯನ್ನು ತೊಳೆದು ಒಣಗಿಸಿ, ತಳದಲ್ಲಿ ಪಂಪಿನ ಬಾಯಿಯಷ್ಟೇ ಅಳತೆಯ ತೂತು ಮಾಡಿ, ಪಂಪು ಸಿಕ್ಕಿಸಿ, ಸಂದಿನಲ್ಲಿ ಗಾಳಿ ಹೋಗದಂತೆ ಮುಚ್ಚಬೇಕು. ಬಾಟಲಿಯ ಬಾಯಿ ಮಗುವಿನ ತುಟಿಗಳ ನಡುವೆ. ಪಂಪು ಚೆನ್ನಾಗಿ ಕುಲುಕಿ ಒಮ್ಮೆ ಒತ್ತಿ, ಮಗು ಐದಾರು ಸಲ ನಿಧಾನವಾಗಿ ಉಸಿರಾಡಲಿ. ಮಾಡಿದ್ದನ್ನು ನಿಮ್ಮ ಡಾಕ್ಟರಿಗೆ ಒಮ್ಮೆ ತೋರಿಸಿ. ಅಂಗಡಿಯದನ್ನು ಸೋಪಿನ ನೀರಿನಲ್ಲಿ ಅದ್ದಿ ಹಾಗೇ ಆರಲು ಬಿಡಿ, ಬಟ್ಟೆಯಿಂದ ಒರೆಸಬಾರದು. ಒರೆಸಿದರೆ ಔಷಧಿ ಒಳಗೋಡೆಗೇ ಅಂಟಿಕೊಳ್ಳುತ್ತದೆ.

ಆಪತ್ತಿನ ಹೊತ್ತಿಗೆ ಏನು ಮಾಡಬೇಕೆಂದು ಡಾಕ್ಟರಿಂದ ಚೀಟಿ ಬರೆಸಿ ಕ್ಯಾಲೆಂಡರಿನ ಮೊಳೆಗೇ ಸಿಕ್ಕಿಸಿದ್ದೇನೆ. ಮಗುವನ್ನು ಮಲಗಿಸದೆ ನೆಟ್ಟಗೆ ಕೂರಿಸುವುದು, ನೀಲಿ ಪಂಪು ಒಂದೊಂದೇ ಸಲ, ನಡುವೆ ಅರ್ಧದಿಂದ ಒಂದು ನಿಮಿಷ ಬಿಟ್ಟು. ಪುಟ್ಟಿಯ ಚೀಟಿಯಲ್ಲಿ ಹತ್ತರವರೆಗೆ ಎಂದಿದೆ, ನಿಮ್ಮ ಮಗುವಿನದನ್ನು ನಿಮ್ಮ ಡಾಕ್ಟರೇ ಬರೆಯಬೇಕು. ಅಷ್ಟಕ್ಕೂ ಇಳಿಯದಿದ್ದರೆ 108ಕ್ಕೆ ಫೋನು. ಮಗು ಒಂದು ವಾಕ್ಯ ಪೂರ್ತಿ ಆಡಲಾರದಿದ್ದರೆ, ಪಕ್ಕೆಲುಬಿನ ಸಂದು ಒಳಗೆ ಸೆಳೆಯುತ್ತಿದ್ದರೆ, ತುಟಿ ನೀಲಿಯಾದರೆ, ಮಂಪರು ಬಂದರೆ ಎಣಿಸುತ್ತ ಕೂರದೆ ಆಸ್ಪತ್ರೆಗೆ ಹೊರಡಿ, ದಾರಿಯಲ್ಲೂ ಪಂಪು ಕೊಡುತ್ತಲೇ ಇರಿ. ಮುಖ್ಯವಾಗಿ, ಮಗು ಒದ್ದಾಡುತ್ತಿರುವಾಗಲೇ ಶಿಳ್ಳೆ ನಿಂತುಹೋದರೆ ವಾಸಿಯಾಯಿತೆಂದು ತಿಳಿಯಬೇಡಿ. ಗಾಳಿಯೇ ಆಡುತ್ತಿಲ್ಲದಾಗಲೂ ಶಿಳ್ಳೆ ಕೇಳುವುದಿಲ್ಲ. ಕುದಿಯುವ ನೀರಿನ ಹಬೆಯಂತೂ ಬೇಡವೇ ಬೇಡ. ಉಬ್ಬಸ ಅದರಿಂದ ಇಳಿಯುವುದಿಲ್ಲ, ಮಗು ಒದ್ದಾಡಿ ಪಾತ್ರೆ ಮಗುಚಿದರೆ ಸುಟ್ಟುಕೊಳ್ಳುತ್ತದೆ.

ಪುಟ್ಟಿ ಈಗ ಹೈಸ್ಕೂಲಿನ ಹೊಸ್ತಿಲಲ್ಲಿದ್ದಾಳೆ. ಖೋಖೋ ಆಡುತ್ತಾಳೆ, ಆಟಕ್ಕೆ ಕಾಲು ಗಂಟೆ ಮೊದಲು ಡಾಕ್ಟರು ಹೇಳಿದಂತೆ ನೀಲಿ ಪಂಪು ತೆಗೆದುಕೊಂಡು. ಒಂದು ಪಂಪು ಅವಳ ಚೀಲದಲ್ಲಿ, ಒಂದು ಟೀಚರ ಬಳಿ, ಚೀಟಿಯ ಪ್ರತಿಯ ಜೊತೆಗೆ. ಹೋದ ಮಳೆಗಾಲದಲ್ಲಿ ಆಶ್ಲೇಷದ ಹೊತ್ತಿಗೆ ಎರಡು ಸಲ ಸೊನ್ನೆ ಬಿತ್ತು; ಪೂರ್ತಿ ಹೋಯಿತೆಂದು ನಾನು ಹೇಳಲಾರೆ. ಗೀಟು ಹಾಕುವ ಕೆಲಸ ಈಗ ಅವಳದೇ. ಪಂಪುಗಳ ಅವಧಿ ಮುಗಿಯುವ ತಿಂಗಳನ್ನೂ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾಳೆ, ಅಜ್ಜಿಯ ಏಕಾದಶಿಯ ಪಕ್ಕದಲ್ಲಿ.