ಸುಮ್ಮನೆ ಕುಳಿತಾಗ

ಮಗಳ ಓದಿಗೆಂದು ಕೈಬಳೆ ಅಡವಿಟ್ಟು ತಂದ ಲ್ಯಾಪ್‌ಟಾಪು ಅದು. ಒಂದು ಮಧ್ಯಾಹ್ನ ಯಾವ ಕೆಲಸವನ್ನೂ ಕೊಡದೆ ತೆರೆದಿಟ್ಟಿದ್ದಳು. ಪರದೆಯ ಮೇಲೆ ಪ್ರೊಸೆಸರಿನ ವೇಗ ೦.೮ ಗಿಗಾಹರ್ಟ್ಸ್, ಅಂದರೆ ಸೆಕೆಂಡಿಗೆ ೮೦ ಕೋಟಿ ಮಿಡಿತ. ಮರುಗಳಿಗೆ ೩ಕ್ಕೆ ಹಾರಿ ಮತ್ತೆ ಇಳಿಯುತ್ತಿತ್ತು. ವೋಲ್ಟೇಜೂ ಜೊತೆಗೇ ಕುಣಿಯುತ್ತಿತ್ತು. ನನ್ನ ಎದೆ ಧಸಕ್ಕೆಂದಿತು. ಮೋಟೆಬೆನ್ನೂರಿನ ನಮ್ಮ ಮನೆಯ ಕರೆಂಟಿನದೇ ಕಾಟವೆಂದು ಚಾರ್ಜರ್ ಕಿತ್ತೆ. ಬ್ಯಾಟರಿಯ ಮೇಲೂ ಅದೇ ಕುಣಿತ!

“ಅವ್ವಾ, ಅದು ಕೆಟ್ಟಿಲ್ಲ. ಅದರ ರೀತಿನ ಹಂಗ,” ಎಂದಳು ಮಗಳು.

ಅವಳು ಬಿಡಿಸಿ ಹೇಳಿದ್ದಿಷ್ಟು: ನಾವು ಸುಮ್ಮನಿದ್ದರೂ ಅದಕ್ಕೆ ಕೆಲಸ ತಪ್ಪಿದ್ದಲ್ಲ. ಗಡಿಯಾರ ನೋಡಿಕೊಳ್ಳಬೇಕು, ವೈಫೈಗೆ ಓಗೊಡಬೇಕು, ವೈರಸ್ ಹುಡುಕಬೇಕು. ಆ ಅಂಕಿಗಳನ್ನು ನಮಗೆ ತೋರಿಸುವುದೂ ಒಂದು ಕೆಲಸವೇ. ಕೆಲಸ ಬಂದೊಡನೆ ವೇಗವೇರಿಸಿ ಮುಗಿಸುತ್ತದೆ, ಮತ್ತೆ ಮಂಪರಿಗಿಳಿಯುತ್ತದೆ. ವೇಗ ಹೆಚ್ಚಬೇಕಾದರೆ ವೋಲ್ಟೇಜೂ ಹೆಚ್ಚು ಬೇಕು. ವೇಗ ಅಷ್ಟೇ ಇದ್ದು ವೋಲ್ಟೇಜು ಅರ್ಧವಾದರೂ ಆ ಮಿಡಿತಗಳ ವಿದ್ಯುತ್ ಖರ್ಚು ಕಾಲುಭಾಗಕ್ಕಿಳಿಯುತ್ತದೆ. ಅದಕ್ಕೇ ಬಿಡುವು ಸಿಕ್ಕಾಗಲೆಲ್ಲ ಎರಡನ್ನೂ ತಗ್ಗಿಸುವುದು. ಬ್ಯಾಟರಿ ಬಾಳುತ್ತದೆ, ಕಾವೂ ಕಡಿಮೆ. ೨೦೦೦ದಲ್ಲೇ ಇಂಟೆಲ್ ಕಂಪನಿ ‘ಸ್ಪೀಡ್‌ಸ್ಟೆಪ್’ ಎಂಬ ಹೆಸರಿನಲ್ಲಿ ಲ್ಯಾಪ್‌ಟಾಪುಗಳಿಗೆ ಇಂಥ ಏರ್ಪಾಡು ತಂದಿತ್ತಂತೆ.

ನನಗೆ ಇವಳ ತೊಟ್ಟಿಲ ಪಕ್ಕದ ನಿದ್ದೆ ನೆನಪಾಯಿತು. ಮುಲುಗಿದರೆ ಎಚ್ಚರ, ತೂಗಿದರೆ ಮತ್ತೆ ಜೊಂಪು. ಈಗಲೂ ರಜೆಯ ದಿನ ಪಡಸಾಲೆಯಲ್ಲಿ ಕೂತರೆ, “ಸುಮ್ಮನ ಕುಂತೀಯಲ್ಲ,” ಎನ್ನುತ್ತಾರೆ ಮನೆಯವರು. ಒಲೆಯ ಮೇಲಿನ ಹಾಲು, ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ, ತಿದ್ದಬೇಕಾದ ಉತ್ತರಪತ್ರಿಕೆ ಅವರಿಗೆಲ್ಲಿ ಕಾಣಬೇಕು?

ಲ್ಯಾಪ್‌ಟಾಪು ನೆಟ್ಟಗಿದೆ, ಅಷ್ಟು ಸಾಕು. ಬಳೆ ಬಿಡಿಸಿಕೊಳ್ಳುವ ಲೆಕ್ಕವೊಂದು ಮಾತ್ರ ಒಳಗೊಳಗೇ ಓಡುತ್ತಿದೆ.