ಎರಡು ಜೀವದ ಆಕಳು

ಬೈಲಹೊಂಗಲದಿಂದ ಕಿತ್ತೂರಿಗೆ ಹೋಗುವ ಹಾದಿಯ ಹಳ್ಳಿಯೊಂದರಲ್ಲಿ ಆ ಮನೆ. ಮಗ ಪಿಯುಸಿ ವಿಜ್ಞಾನ ಓದುತ್ತಾನೆ. ಅವನ ಪುಸ್ತಕ, ಬಸ್ ಪಾಸು, ಶುಲ್ಕ ಎಲ್ಲಕ್ಕೂ ಡೇರಿಯ ಹಾಲಿನ ಬಿಲ್ಲೇ ಆಧಾರ. ಆ ಬಿಲ್ಲಿಗೆ ಆಧಾರ ಒಂದೇ ಒಂದು ಎಚ್.ಎಫ್. ಮಿಶ್ರತಳಿ ಆಕಳು. ಗಬ್ಬದ ಏಳು ತಿಂಗಳು ತುಂಬಿ ಹಾಲು ಬತ್ತಿಸಿದ್ದೇ ತಡ, ಆಯಿಗೆ ಅದರ ಮೇಲೆ ಎಲ್ಲಿಲ್ಲದ ಅಕ್ಕರೆ ಹುಟ್ಟಿತು. "ಎರಡು ಜೀಂವಾ ಐತಿ, ತಿನ್ಲಿ ಬಿಡು" ಎಂದು ಹತ್ತಿಕಾಳ ಹಿಂಡಿ, ಗೋವಿನಜೋಳದ ನುಚ್ಚು ಬುಟ್ಟಿಗಟ್ಟಲೆ ಸುರಿದಳು. ಎರಡು ತಿಂಗಳಲ್ಲಿ ಆಕಳ ಬೆನ್ನ ಮೇಲೆ ನೀರು ನಿಲ್ಲುವಷ್ಟು ಮೈ ಬಂತು. ಓಣಿಯವರೆಲ್ಲ ಹೊಗಳಿದರು.

ಈದು ಒಂದು ವಾರ ಕಳೆದಿತ್ತು. ಆಕಳು ಹಿಂಡಿಗೆ ಮೋರೆ ತಿರುವಿತು. ಕಣಿಕಿಯನ್ನು ಮಾತ್ರ ಒಲ್ಲದ ಮನಸ್ಸಿನಿಂದ ಮೆಲ್ಲುತ್ತಿತ್ತು. ಹಾಲು ಅರ್ಧಕ್ಕಿಳಿಯಿತು. ಆಯಿ ದೃಷ್ಟಿಯಾಗಿದೆಯೆಂದಳು, ತಂದೆ ಸವದತ್ತಿ ಎಲ್ಲಮ್ಮನಿಗೆ ಹರಕೆ ಹೊತ್ತ. ಹುಡುಗನ ಮೂಗಿಗೆ ಬಡಿದದ್ದು ಮಾತ್ರ ಬೇರೆ. ಆಕಳ ಉಸಿರಿನಲ್ಲಿ ಕಾಲೇಜಿನ ಪ್ರಯೋಗಶಾಲೆಯ ಅಸಿಟೋನ್ ಬಾಟಲಿಯಂಥ ಸಿಹಿ ನಾತ!

ಪಶುವೈದ್ಯರು ಬಂದು ಗಂಜಲದ ನಾಲ್ಕು ಹನಿಯನ್ನು ಒಂದು ಪುಡಿಯ ಮೇಲೆ ಬಿಟ್ಟರು. ಪುಡಿ ನೇರಳೆಗೆ ತಿರುಗಿತು. ಕೀಟೋಸಿಸ್. "ಮೈಯಾಗಿನ ಕೊಬ್ಬು ಕರಗಿ ಲಿವರ್‌ನಾಗ ಕುಂತೈತ್ರಿ, ಅವ್ವಾರ" ಎಂದರು.

ಲೆಕ್ಕ ನೋಡಿ. 15 ಲೀಟರ್ ಹಾಲಿನಲ್ಲಿ ಸುಮಾರು 700 ಗ್ರಾಂ ಹಾಲುಸಕ್ಕರೆ ಇರುತ್ತದೆ. ಆಕಳಿಗೆ ಮೇವಿನಿಂದ ನೇರವಾಗಿ ಸಿಗುವ ಸಕ್ಕರೆ ಅತ್ಯಲ್ಪ. ಹೊಟ್ಟೆಯ ಸೂಕ್ಷ್ಮಜೀವಿಗಳು ಮೇವನ್ನು ಹುಳಿಯಿಸಿ ಆಮ್ಲ ಮಾಡುತ್ತವೆ. ಅದರಿಂದ ಸಕ್ಕರೆ ಕಟ್ಟುವ ಕೆಲಸ ಪಿತ್ತಜನಕಾಂಗದ್ದು. ಈದ ಹೊಸತರಲ್ಲಿ ಹಾಲು ದಿನದಿಂದ ದಿನಕ್ಕೆ ಏರುತ್ತದೆ, ಹಸಿವು ಅದರ ಹಿಂದೆ ಕುಂಟುತ್ತ ಬರುತ್ತದೆ. ಆ ಕೊರತೆಗೆ ಮೈಕೊಬ್ಬು ಕರಗಬೇಕು. ಬೊಜ್ಜಿನ ಆಕಳು ಇನ್ನೂ ಕಡಿಮೆ ತಿನ್ನುತ್ತದೆ, ಇನ್ನೂ ಹೆಚ್ಚು ಕರಗುತ್ತದೆ. ಬಂದ ಕೊಬ್ಬನ್ನು ಹೊರಸಾಗಿಸುವುದರಲ್ಲಿ ಆಕಳ ಪಿತ್ತಜನಕಾಂಗ ಬಲು ನಿಧಾನ. ಒಂದಷ್ಟು ಅಲ್ಲಿಯೇ ಉಳಿಯುತ್ತದೆ, ಒಂದಷ್ಟು ಅಸಿಟೋನಿನಂಥ ಕೀಟೋನುಗಳಾಗಿ ಉಸಿರಿಗೆ ಬರುತ್ತದೆ. ಆಯಿಯ ಕಾಲದ ಜವಾರಿ ಆಕಳಿಗೆ ಈ ಪೇಚಿರಲಿಲ್ಲ. ಅದು ಕೊಡುತ್ತಿದ್ದದ್ದೇ ಕರುವಿಗಾಗಿ ಉಳಿದ ಒಂದೆರಡು ಲೀಟರ್.

"ಹಂಗಾರ ಉಪಾಸ ಕೆಡವೂದನ?" ಎಂದು ಆಯಿ ಸಿಟ್ಟಾದಳು. ಅದೂ ತಪ್ಪೇ. ರಾಮದುರ್ಗದಂಥ ಒಣಭೂಮಿಯಲ್ಲಿ ಬೇಸಿಗೆಗೆ ಈದು, ಬರೀ ಕಣಿಕಿಯ ಮೇಲೆ ಹಾಲು ಕೊಡಬೇಕಾದ ಬಡಕಲು ಆಕಳಿಗೂ ಕೀಟೋಸಿಸ್ ತಪ್ಪಿದ್ದಲ್ಲ. ಹಾಲು ಬತ್ತಿಸುವಾಗ ಇದ್ದ ಹದವಾದ ಮೈಯನ್ನು ಹಾಗೆಯೇ ಕಾಯ್ದುಕೊಂಡು, ಕೊನೆಯ ಎರಡು ಮೂರು ವಾರ ಹಿಂಡಿಯನ್ನು ಸ್ವಲ್ಪಸ್ವಲ್ಪವೇ ರೂಢಿ ಮಾಡಿಸಬೇಕು ಎಂದರು ವೈದ್ಯರು.

ನರಕ್ಕೆ ಗ್ಲುಕೋಸ್ ಏರಿಸಿದರು. ಬಾಯಿಗೆ ಹೊಯ್ಯಲು ಪ್ರೊಪಿಲೀನ್ ಗ್ಲೈಕಾಲ್ ಬರೆದುಕೊಟ್ಟರು. ಆಕಳು ಉಳಿಯಿತು. ಆದರೆ ಹಾಲು ಹಿಂದಿನ ಸೂಲಿನಷ್ಟು ಏರಲಿಲ್ಲ. ಮಗನ ಎರಡನೆಯ ವರ್ಷದ ಶುಲ್ಕವನ್ನು ತಂದೆ ಕೈಗಡ ತಂದು ತುಂಬಿದ. ಆಯಿ ನಾಲ್ಕು ದಿನ ಯಾರೊಡನೆಯೂ ಮಾತಾಡಲಿಲ್ಲ.

ಆಕಳು ಈಗ ಮತ್ತೆ ಗಬ್ಬ. ಹಿಂಡಿ ಅಳೆಯಲು ಹುಡುಗ ಒಂದು ಡಬ್ಬಿ ಇಟ್ಟಿದ್ದಾನೆ. ಅವನು ಕಾಲೇಜಿಗೆ ಹೋದ ಮೇಲೆ ಆಯಿ ಗೋದಲಿಯ ಹತ್ತಿರ ಬಹಳ ಹೊತ್ತು ನಿಲ್ಲುತ್ತಾಳೆ, ಕೈಯಲ್ಲಿ ಆ ಡಬ್ಬಿ ಹಿಡಿದುಕೊಂಡು.