ಗೋಕರ್ಣದ ಬಾಕಿ

ಕುಂಭಾಶಿಯಲ್ಲಿ ಹುಟ್ಟಿದವನಿಗೆ ಒಂದು ಅನುಕೂಲವುಂಟು. ಪರಶುರಾಮ ಕ್ಷೇತ್ರದಲ್ಲಿ ಏಳು ಮುಕ್ತಿಸ್ಥಳಗಳೆಂದು ಹಿರಿಯರು ಎಣಿಸಿಟ್ಟಿದ್ದಾರೆ: ಉಡುಪಿ, ಸುಬ್ರಹ್ಮಣ್ಯ, ಕುಂಭಾಶಿ, ಕೋಟೇಶ್ವರ, ಶಂಕರನಾರಾಯಣ, ಕೊಲ್ಲೂರು ಮತ್ತು ಗೋಕರ್ಣ. ಬೇರೆ ಊರಿನವರು ಏಳಕ್ಕೂ ಕಾಲು ಸವೆಸಬೇಕು. ನಮಗಾದರೋ ಕಣ್ಣು ಬಿಟ್ಟ ಕೂಡಲೇ ಒಂದು ಜಮೆಯಾಗಿರುತ್ತದೆ. ಆರು ಮಾತ್ರ ಉಳಿಯುತ್ತವೆ.

ಈ ಲೆಕ್ಕವನ್ನು ಮೊದಲು ಹಾಕಿದವನು ನಾನಲ್ಲ, ನನ್ನ ಗೆಳೆಯ. 1998ರಲ್ಲಿ ನಾವಿಬ್ಬರೂ ಪಿಯುಸಿಯ ಎರಡನೆಯ ವರ್ಷದಲ್ಲಿದ್ದೆವು. ಒಂದು ಸಂಕಷ್ಟಿಯ ಸಂಜೆ ಆನೆಗುಡ್ಡೆಯ ಗಣಪತಿಗೆ ಕೈಮುಗಿದು ಹೊರಗೆ ಕುಳಿತಿದ್ದಾಗ ಅವನು ಬೆರಳು ಮಡಚಿ ಎಣಿಸಿದ. ಉಳಿದ ಆರಕ್ಕೂ ಸೈಕಲ್ಲಿನಲ್ಲಿ ಹೋಗಬೇಕು, ಸೈಕಲ್ಲು ಹೋಗದ ಕಡೆ ನಡೆಯಬೇಕು. ಬಸ್ಸು ಹತ್ತಿದರೆ ಆ ಊರು ಲೆಕ್ಕಕ್ಕಿಲ್ಲ ಎಂದು ಅಲ್ಲಿಯೇ ನಿಯಮವಾಯಿತು. ಇದರಲ್ಲಿ ಭಕ್ತಿ ಎಷ್ಟಿತ್ತೋ ಹೇಳಲಾರೆ. ಬಸ್ಸಿನ ಹಣವಿರಲಿಲ್ಲ ಎಂಬುದಂತೂ ನಿಜ.

ಕೋಟೇಶ್ವರ ಕೂಗಳತೆಯ ಊರು. ಕೊಡಿಹಬ್ಬದ ದಿನ ಹೋಗಿ, ಹೊಸ ಮದುವೆಯ ಜೋಡಿಗಳು ಕಬ್ಬಿನ ಜಲ್ಲೆ ಕೊಳ್ಳುವುದನ್ನು ನೋಡಿಕೊಂಡು ನಡೆದೇ ಬಂದೆವು. ಉಡುಪಿಗೆ ಮೂವತ್ತು ಕಿಲೋಮೀಟರು. ಅದನ್ನು ಒಂದು ಭಾನುವಾರ ಮುಗಿಸಿದೆವು. ಶಂಕರನಾರಾಯಣದಲ್ಲಿ ಮಾತ್ರ ತಕರಾರು ಹುಟ್ಟಿತು. ಊರು ಇನ್ನೇನು ಸಿಕ್ಕಿತು ಎನ್ನುವಾಗ ನನ್ನ ಸೈಕಲ್ಲಿನ ಚಕ್ರದ ಗಾಳಿ ಹೋಯಿತು. ಜಲ್ಲಿ ತುಂಬಿದ ಲಾರಿಯೊಂದು ಕರುಣೆ ತೋರಿತು. ನಿಯಮದಲ್ಲಿ ಬಸ್ಸೆಂದಿದೆಯೇ ಹೊರತು ಲಾರಿಯೆಂದಿಲ್ಲ ಎಂದು ನಾನು ವಾದಿಸಿದೆ. ಅವನು ಒಪ್ಪಲೂ ಇಲ್ಲ, ಬಿಡಲೂ ಇಲ್ಲ. "ಕಾಂಬ" ಎಂದು ಸುಮ್ಮನಾದ.

ಅವನ ಸ್ವಭಾವವೇ ಹಾಗೆ. ಅದು ನನಗೆ ಪೂರ್ತಿ ತಿಳಿದದ್ದು 1999ರ ಅಕ್ಟೋಬರಿನಲ್ಲಿ, ಕೊಡಚಾದ್ರಿಯ ಮೇಲೆ. ಕೊಲ್ಲೂರಿಗೆ ಹೋದವರು ಮೂಕಾಂಬಿಕೆಯ ದರ್ಶನ ಮಾಡಿ ಸುಮ್ಮನೆ ಮರಳಬಹುದಿತ್ತು. ಹತ್ತೊಂಬತ್ತರ ವಯಸ್ಸು ಮರಳಲು ಬಿಡಲಿಲ್ಲ. ಕಾಲುದಾರಿ ಹಿಡಿದು, ಉಂಬಳಗಳಿಗೆ ರಕ್ತದಾನ ಮಾಡುತ್ತ, 1343 ಮೀಟರಿನ ಆ ಬೆಟ್ಟವನ್ನೇರಿ ಸರ್ವಜ್ಞಪೀಠದ ಕಲ್ಲಿನ ಮಂಟಪ ಮುಟ್ಟಿದೆವು. ಅಲ್ಲಿಂದ ಚಿತ್ರಮೂಲದ ಗುಹೆಗೆ ಇಳಿಯುವ ದಾರಿ ಕಡಿದಾದುದು. ಅರ್ಧ ಇಳಿದಿರಬೇಕು, ಕೆಳಗಿನ ಕಣಿವೆಯಿಂದ ಮಂಜು ಎದ್ದು ಬಂತು. ಚಾಚಿದ ನನ್ನ ಕೈ ನನಗೇ ಕಾಣದಾಯಿತು.

ದಾರಿ ಬಲಕ್ಕೆ ಹೊರಳುತ್ತದೆ, ಮೆಲ್ಲಗೆ ನಡೆಯೋಣ ಎಂದೆ ನಾನು. ಅವನು ಕಲ್ಲಿನ ಮೇಲೆ ಕುಳಿತೇಬಿಟ್ಟ.

"ಕೂಕೊ ಮಾರಾಯ. ದಾರಿ ಕಾಣದಿಪ್ಪತಿಗೆ ನೆಡುಕಾಗ."

ಹೇಡಿ ಎಂದೆ. ಇನ್ನೂ ಏನೇನೋ ಅಂದೆ. ಅವನು ಉತ್ತರ ಕೊಡಲಿಲ್ಲ. ಚೀಲದಿಂದ ಅವಲಕ್ಕಿಯ ಪೊಟ್ಟಣ ತೆಗೆದು ಅರ್ಧವನ್ನು ನನ್ನ ಕೈಗಿಟ್ಟ. ಎರಡು ಗಂಟೆ ಕುಳಿತೆವು, ಒಂದು ಮಾತಿಲ್ಲ. ಆಮೇಲೆ ಗಾಳಿ ಬೀಸಿ ಮಂಜು ಹರಿದಾಗ ನೋಡುತ್ತೇನೆ: ದಾರಿ ಎಡಕ್ಕಿದೆ, ನಾನು ಹೋಗಬೇಕೆಂದಿದ್ದ ಬಲಬದಿಯಲ್ಲಿ ಮೂರು ಹೆಜ್ಜೆ ನೆಲ, ಆಚೆಗೆ ಆಕಾಶ. ಅವನು ಅದನ್ನು ನೋಡಿದ, ನನ್ನನ್ನೂ ನೋಡಿದ. "ಹೋಪ" ಎಂದಷ್ಟೇ ಹೇಳಿ ಎದ್ದ. ಇಷ್ಟು ವರ್ಷಗಳಲ್ಲಿ ಆ ಮಾತನ್ನು ಒಂದು ಸಲವೂ ಎತ್ತಿ ನನ್ನನ್ನು ಚುಚ್ಚಿದವನಲ್ಲ.

ಮುಂದೆ ನಮ್ಮ ಬದುಕು ಎರಡು ದಾರಿಯಾಯಿತು. ನಾನು ಎಂ.ಎ. ಮಾಡಿ ಕಾಲೇಜು ಸೇರಿದೆ. ಅವನು, ನಮ್ಮ ಕಡೆಯ ಎಷ್ಟೋ ಹುಡುಗರಂತೆ, ಬೆಂಗಳೂರಿನ ಹೋಟೆಲು ಸೇರಿದ. ಮೇಜು ಒರೆಸುವಲ್ಲಿಂದ ತೊಡಗಿ ಗಲ್ಲಾದವರೆಗೆ ಬಂದ. ನನ್ನ ಹೊಸ ಸ್ನೇಹಿತರು ಪುಸ್ತಕದವರು, ಅವನ ಹೊಸ ಸ್ನೇಹಿತರು ಹೋಟೆಲಿನವರು. ಊರಿಗೆ ಬಂದಾಗ ಮನೆಯ ಜಗಲಿಯಲ್ಲಿ ಎದುರುಬದುರು ಕುಳಿತರೆ ಅರ್ಧ ಗಂಟೆಯಲ್ಲಿ ಮಾತು ಮುಗಿಯುತ್ತಿತ್ತು. ಆದರೆ ವರ್ಷಕ್ಕೊಮ್ಮೆ ಎಲ್ಲಾದರೂ ಗುಡ್ಡ ಹತ್ತುವ ಅಭ್ಯಾಸವನ್ನು ಬಿಟ್ಟಿರಲಿಲ್ಲ. ಅಲ್ಲಿ ಮಾತು ಬೇಕಾಗುತ್ತಿರಲಿಲ್ಲ. ಜಗಲಿಯಲ್ಲಿ ಒಬ್ಬರ ಮುಖವನ್ನು ಒಬ್ಬರು ನೋಡಬೇಕು. ದಾರಿಯಲ್ಲಾದರೆ ಇಬ್ಬರೂ ದಾರಿಯನ್ನು ನೋಡಿದರಾಯಿತು.

2009ರಲ್ಲಿ ಸುಬ್ರಹ್ಮಣ್ಯ ಮುಗಿಯಿತು. ಮೂರು ದಿನ ಸೈಕಲ್ಲು ತುಳಿದು, ನಾಲ್ಕನೆಯ ದಿನ ಗಿರಿಗದ್ದೆಯ ದಾರಿಯಾಗಿ ಕುಮಾರಪರ್ವತ ಹತ್ತಿದೆವು. ಕಾರಂತರ 'ಬೆಟ್ಟದ ಜೀವ'ದ ನಿರೂಪಕ ದಾರಿ ತಪ್ಪಿದ್ದು ಈ ಸೀಮೆಯ ಕಾಡಿನಲ್ಲೇ ಎಂದು ನಾನು ಉತ್ಸಾಹದಿಂದ ಹೇಳಲು ಹೊರಟರೆ, "ನಾವ್ ತಪ್ಪುದ್ ಬ್ಯಾಡ" ಎಂದು ನನ್ನ ಚೀಲವನ್ನೂ ತಾನೇ ಹೊತ್ತ. ಇನ್ನು ಉಳಿದದ್ದು ಗೋಕರ್ಣ ಒಂದೇ. ಅದು ದೂರ, ರಜೆ ಹೊಂದಲಿಲ್ಲ. ಮುಂದಿನ ವರ್ಷ, ಅದರ ಮುಂದಿನ ವರ್ಷ ಎನ್ನುತ್ತ ನಡೆಯಿತು.

2018ರಲ್ಲಿ ಅವನು ಬೆಂಗಳೂರಿನಲ್ಲಿ ಸ್ವಂತದ ಸಣ್ಣ ಹೋಟೆಲು ತೆರೆದ. ಸಾಲಕ್ಕೆ ಜಾಮೀನು ಬೇಕಿತ್ತು. ನಾನು ಸಹಿ ಹಾಕಿದೆ. 2020ರ ಮಾರ್ಚಿನಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿದಾಗ ಅವನ ಬಾಗಿಲೂ ಮುಚ್ಚಿತು, ಮತ್ತೆ ತೆರೆಯಲಿಲ್ಲ. ಆ ವರ್ಷದ ಕೊನೆಯಿಂದ ಕಂತು ನನ್ನ ಸಂಬಳದಿಂದ ಹೋಗತೊಡಗಿತು. ಅವನು ಊರಿಗೆ ಬಂದಿದ್ದಾನೆ, ಗಂಗೊಳ್ಳಿಯ ಬಂದರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಾನೆ ಎಂದು ಯಾರೋ ಹೇಳಿದರು. ಹೆದ್ದಾರಿಯ ಆ ಬದಿ ಅವನ ಮನೆ, ಈ ಬದಿ ನನ್ನದು. ಅವನು ಬರಲಿಲ್ಲ, ನಾನು ಹೋಗಲಿಲ್ಲ.

ಪಂಪನ ಕರ್ಣ ದುರ್ಯೋಧನರ ಸ್ನೇಹವನ್ನು ನಾನು ವರ್ಷವರ್ಷವೂ ಪಾಠ ಹೇಳುವವನು. ನೆತ್ತದ ಪ್ರಸಂಗದಲ್ಲಿ ಮುತ್ತಿನ ಹಾರ ಹರಿದರೂ ಅರಸನ ಮನಸ್ಸಿನಲ್ಲಿ ಶಂಕೆ ಹುಟ್ಟಲಿಲ್ಲವೆಂದು ಹೇಳುವಾಗ ನನ್ನ ಗಂಟಲೂ ಸ್ವಲ್ಪ ಬಿಗಿಯುತ್ತದೆ. ಆ ಪಾಠ ಮುಗಿಸಿ ಬಂದ ದಿನವೇ ಸಂಬಳದ ಚೀಟಿ ಬಿಡಿಸಿ ನೋಡಿ, ಇವನು ನನಗೆ ಮೋಸ ಮಾಡಿದನೆಂದು ಹೆಂಡತಿಯ ಮುಂದೆ ಆಡಿದೆ. ಅವಳು, "ಒಂದು ಸಲ ಹೋಗಿ ಕೇಳಬಾರದೇ?" ಎಂದಳು. ಕೇಳುವುದೇನು, ಕಾಣುವುದಿಲ್ಲವೇ ಎಂದೆ. ಚೌತಿಯ ದಿನ ಆನೆಗುಡ್ಡೆಯ ಜನಜಂಗುಳಿಯಲ್ಲಿ ಅವನು ಕಂಡ. ಮುಖ ತಿರುಗಿಸಿದವನು ಅವನಲ್ಲ, ನಾನು.

2022ರ ಡಿಸೆಂಬರು. ಬೆಳಗಿನ ಜಾವ ಅಂಗಳದಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು. ಬಾಗಿಲು ತೆರೆದರೆ ಅವನು; ತಲೆಗೆ ಮಫ್ಲರು, ಹ್ಯಾಂಡಲಿಗೆ ಚೀಲ.

"ಬಾಕಿ ಇತ್ತಲ ಮಾರಾಯ" ಎಂದ.

ಹಣದ ಮಾತಿಗೆ ಬಂದನೆಂದುಕೊಂಡು ನಾನು ಬಿಗಿಯಾದೆ. ಅವನು ಮುಂದುವರಿಸಿದ: "ಗೋಕರ್ಣ."

ಏಕೆ ಹೊರಟೆನೋ ಈಗಲೂ ಹೇಳಲಾರೆ. ಹೆಂಡತಿ ಒಳಗಿನಿಂದ ಅವಲಕ್ಕಿ ಕಟ್ಟಿ ತಂದು ಕೊಟ್ಟಳು. ನೂರೈವತ್ತು ಕಿಲೋಮೀಟರಿನ ಹತ್ತಿರದ ದಾರಿ. ನಮ್ಮದು ನಲವತ್ತೆರಡರ ಮಂಡಿ. ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕೆ, ನಡುವೆ ನಾವಿಬ್ಬರು ಮೂಕರು. ಬೈಂದೂರು, ಶಿರೂರು, ಭಟ್ಕಳ ಕಳೆದವು. ಹೊನ್ನಾವರದ ಶರಾವತಿ ಸೇತುವೆಯ ಮೇಲೆ ಕತ್ತಲಾಯಿತು. ಮರುದಿನ ಕುಮಟೆ ದಾಟಿ, ಅಘನಾಶಿನಿಯಲ್ಲಿ ತದಡಿಯ ದೋಣಿಗೆ ಕಾಯುತ್ತ ಕುಳಿತೆವು. ಹೊಳೆಯ ಮೇಲೆ ತೆಳ್ಳಗೆ ಮಂಜಿತ್ತು. ಅವನು ಚೀಲದಿಂದ ಒಂದು ನೋಟುಬುಕ್ಕು ತೆಗೆದು ನನ್ನ ತೊಡೆಯ ಮೇಲಿಟ್ಟ. ನನ್ನ ಸಂಬಳದಿಂದ ಹೋದ ಕಂತುಗಳೆಲ್ಲ ಅದರಲ್ಲಿ ತಿಂಗಳು ತಿಂಗಳಾಗಿ ಇದ್ದವು, ಒಂದೂ ತಪ್ಪಿರಲಿಲ್ಲ. ಸಾಲ ಕೊಟ್ಟಲ್ಲಿಗೆ ಪ್ರತಿ ತಿಂಗಳೂ ಹೋಗಿ ಕೇಳಿ ಬರೆದುಕೊಂಡನಂತೆ.

"ಕೈಯ್ಯಗೆ ಒಂದ್ ಪೈಸೆ ಇಲ್ದೆ ಯಾವ ಮುಖ ಹೊತ್ಕಂಡ್ ಬಪ್ಪುದ್? ಮಂಜು ಕರಗ್ಲಿ ಅಂದೇಳಿ ಕೂಕಂಡಿದ್ದೆ."

"ಈಗ ಕರಗಿತೇ?" ಎಂದೆ. ನನ್ನ ದನಿ ಸರಿಯಿರಲಿಲ್ಲ.

"ಇಲ್ಲೆ ಮಾರಾಯ. ಕೂತ್ ಕೂತ್ ಸಾಕಾಯ್ತ್."

ಕೊಡಚಾದ್ರಿಯಲ್ಲಿ ಎರಡು ಗಂಟೆ ಅವನ ಪಕ್ಕದಲ್ಲಿ ಕುಳಿತವನು ನಾನು. ದಾರಿ ಕಾಣದಿದ್ದರೆ ಅವನು ನಡೆಯುವುದಿಲ್ಲ, ಮಾತನಾಡುವುದೂ ಇಲ್ಲ ಎಂದು ಲೋಕದಲ್ಲಿ ಯಾರಿಗಾದರೂ ತಿಳಿದಿದ್ದರೆ ಅದು ನನಗೆ. ತಿಳಿದಿದ್ದೂ ಎರಡು ವರ್ಷ ಆ ಮೌನವನ್ನು ಮೋಸವೆಂದು ಓದಿದೆ. ಹಳಗನ್ನಡವನ್ನು ಬಿಡಿಸಿ ಹೇಳುವ ಮೇಷ್ಟರ ಓದು ಇದು! ಅಂದು ಮೂರು ಹೆಜ್ಜೆಯಾಚೆಯ ಪ್ರಪಾತದಿಂದ ಅವನು ನನ್ನನ್ನು ಉಳಿಸಿದ್ದ. ಈ ಸಲ ನಾನು ಆ ಮೂರು ಹೆಜ್ಜೆಗಳನ್ನೂ ಇಟ್ಟುಬಿಟ್ಟಿದ್ದೆ.

ದೋಣಿ ಬಂತು, ಸೈಕಲ್ಲುಗಳನ್ನು ಹತ್ತಿಸಿದೆವು. ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನವಾಯಿತು. ಗುಡ್ಡದ ಕಾಲುದಾರಿಯಲ್ಲಿ ಕುಡ್ಲೆಗೂ ಅಲ್ಲಿಂದ ಓಂ ಕಡಲತೀರಕ್ಕೂ ನಡೆದು, ಸೂರ್ಯ ಮುಳುಗುವ ತನಕ ಕುಳಿತೆವು. ಅಲ್ಲಿಯೂ ಹೆಚ್ಚು ಮಾತಾಡಲಿಲ್ಲ.

ಆ ಸಾಲ ಈಗ ತೀರಿದೆ, ನನಗೆ ಬರಬೇಕಾದದ್ದು ಪೂರ್ತಿ ಬಂದಿಲ್ಲ. ಪ್ರತಿ ತಿಂಗಳ ಮೊದಲ ವಾರ ಅವನು ಬರುತ್ತಾನೆ. ಆದಷ್ಟು ಕೊಡುತ್ತಾನೆ, ನೋಟುಬುಕ್ಕಿನಲ್ಲಿ ಬರೆಯುತ್ತಾನೆ, ಚಹಾ ಕುಡಿದು ಹೋಗುತ್ತಾನೆ. ಬೇಡವೆನ್ನುವ ಧೈರ್ಯ ನನಗಿಲ್ಲ. ಅಂದರೆ ಅವನಿಗೆ ಅವಮಾನವಾದೀತು. ಏಳು ಊರುಗಳು ಮುಗಿದವು, ಈ ಲೆಕ್ಕವೂ ಮುಗಿದ ಮೇಲೆ ನಮಗೆ ಉಳಿಯುವುದೇನು ಎಂದು ಕಳೆದ ತಿಂಗಳು ಅವನನ್ನೇ ಕೇಳಿದೆ.

ಅವನು ಚಹಾದ ಲೋಟ ಕೆಳಗಿಟ್ಟು ನಿಧಾನವಾಗಿ ಹೇಳಿದ: "ಏಳೆಲ್ಲಿ ಮುಗಿತ್ ಮಾಷ್ಟ್ರೇ? ಶಂಕರನಾರಾಯಣಕ್ಕೆ ನಾವ್ ಲಾರಿಯಗೆ ಹೋದ್ದಲ್ದಾ?"